ಕುರಿ ಸಾಕಣೆ: ಉಳಿದ ಮರಿಯೇ ಲಾಭ



ಸಂಘದಿಂದ ಸಾಲ ಪಡೆದು ಏನಾದರೂ ಆದಾಯದ ಕೆಲಸ ಮಾಡಬೇಕು ಎಂದಾಗ ನಮ್ಮಲ್ಲಿ ಬಹಳ ಮಂದಿಗೆ ಮೊದಲು ನೆನಪಾಗುವುದು ಕುರಿ. ಹಸುವಿನಷ್ಟು ಬಂಡವಾಳ ಬೇಡ, ಮನೆಯ ಹತ್ತಿರವೇ ಕೆಲಸ, ಕಷ್ಟ ಬಂದಾಗ ಒಂದನ್ನು ಮಾರಿದರೆ ಕೈಗೆ ಕಾಸು. 2019ರ ಜಾನುವಾರು ಗಣತಿಯಲ್ಲಿ ಕರ್ನಾಟಕದ ಕುರಿಗಳ ಸಂಖ್ಯೆ ಸುಮಾರು 1 ಕೋಟಿ 11 ಲಕ್ಷ. ತೆಲಂಗಾಣ, ಆಂಧ್ರಪ್ರದೇಶ ಬಿಟ್ಟರೆ ದೇಶದಲ್ಲಿ ನಮ್ಮದೇ ಮುಂದು.

ಆದರೆ ಒಂದು ಮಾತು ಮರೆಯಬಾರದು. ಕುರಿ ಬದುಕಿದ್ದರೂ ಸಾಲದ ಕಂತು ಕಟ್ಟಬೇಕು, ಸತ್ತರೂ ಕಟ್ಟಬೇಕು. ಹಾಗಾಗಿ ಎಷ್ಟು ಕುರಿ ಕೊಳ್ಳೋಣ ಎಂದು ಕೇಳುವ ಮೊದಲು, ಎಷ್ಟನ್ನು ಚೆನ್ನಾಗಿ ಉಳಿಸಿಕೊಳ್ಳಬಲ್ಲೆವು ಎಂದು ಕೇಳಿಕೊಳ್ಳಬೇಕು.

ಎರಡು ಮನೆಯ ಲೆಕ್ಕ

ಒಂದು ಮನೆಯಲ್ಲಿ 10 ಹೆಣ್ಣು ಕುರಿ ಇವೆ ಎನ್ನೋಣ. 10 ಮರಿ ಹುಟ್ಟಿದವು, 4 ಸತ್ತವು, ಮಾರಲು ಉಳಿದದ್ದು 6. ಇನ್ನೊಂದು ಮನೆಯಲ್ಲಿ 6 ಕುರಿ, 6 ಮರಿ, ಆರೂ ಉಳಿದವು. ಇಬ್ಬರೂ ಮಾರಿದ್ದು ಆರಾರು ಮರಿಯನ್ನೇ. ಆದರೆ ಮೊದಲ ಮನೆಯವರು ನಾಲ್ಕು ಕುರಿಗೆ ಹೆಚ್ಚು ಸಾಲ ಮಾಡಿದ್ದಾರೆ, ಹೆಚ್ಚು ಮೇವು ಹಾಕಿದ್ದಾರೆ, ಗೋಮಾಳದ ಹುಲ್ಲನ್ನೂ ಹೆಚ್ಚು ಮೇಯಿಸಿದ್ದಾರೆ. ಸಿಕ್ಕಿದ್ದೇನು? ಹೆಚ್ಚು ದುಡಿಮೆ ಮಾತ್ರ.

ಯಾವ ತಳಿ?

ನಮ್ಮ ರಾಜ್ಯದಲ್ಲೇ ಒಳ್ಳೆಯ ತಳಿಗಳಿವೆ: ಮಾಂಸಕ್ಕೆ ಹೆಸರಾದ ಬನ್ನೂರು, ಹಾಸನ, ಬಳ್ಳಾರಿ, ರಾಯಚೂರು ಕಡೆಯ ಕೆಂಗುರಿ, ದೂರ ನಡೆದು ಮೇಯುವ ಡೆಕ್ಕನಿ. ನಿಮ್ಮ ಊರಿನ ಹವೆಗೆ ಹೊಂದಿಕೊಂಡದ್ದನ್ನೇ ಕೊಳ್ಳಿ. ಅವಳಿ ಮರಿ ಹಾಕುವ ‘ನಾರಿ ಸುವರ್ಣ’ ತಳಿಯ ಬಗ್ಗೆಯೂ ಕೇಳಿರುತ್ತೀರಿ. ಮಹಾರಾಷ್ಟ್ರದ ಫಲ್ಟಣದ ನಿಂಬ್ಕರ್ ಸಂಸ್ಥೆಯವರು ಬಂಗಾಳದ ಗರೋಳೆ ಕುರಿಯ ಅವಳಿ ಗುಣವನ್ನು ಡೆಕ್ಕನಿ ಕುರಿಗೆ ತಂದು ಬೆಳೆಸಿದ ತಳಿ ಇದು. ಅವಳಿ ಹುಟ್ಟಿದರೆ ತಾಯಿಗೆ ಮೇವೂ ಆರೈಕೆಯೂ ಹೆಚ್ಚು ಬೇಕು. ಮೇವಿಲ್ಲದ ಮನೆಯಲ್ಲಿ ಅವಳಿ ಹುಟ್ಟಿದರೆ ಎರಡೂ ಮರಿ ಸೊರಗುತ್ತವೆ.

25ರಿಂದ 30 ಹೆಣ್ಣು ಕುರಿಗೆ ಒಂದು ಟಗರು ಸಾಕು. ಎರಡು ವರ್ಷಕ್ಕೊಮ್ಮೆ ಟಗರನ್ನು ಬದಲಾಯಿಸಿ. ಇಲ್ಲದಿದ್ದರೆ ತನ್ನ ಮಕ್ಕಳಿಗೇ ಅದು ಗಂಡಾಗಿ, ಹುಟ್ಟುವ ಮರಿಗಳು ನಿಶ್ಶಕ್ತವಾಗುತ್ತವೆ. ಸಂಘದವರೆಲ್ಲ ಸೇರಿ ಒಂದು ಒಳ್ಳೆಯ ಟಗರು ಇಟ್ಟುಕೊಳ್ಳಬಹುದು.

ಮೇವು ಎಲ್ಲಿಂದ ತರೋದು?

30 ಕಿಲೋ ತೂಕದ ಕುರಿಗೆ ದಿನಕ್ಕೆ ಒಣಮೇವಿನ ಲೆಕ್ಕದಲ್ಲಿ ಸುಮಾರು 1 ಕಿಲೋ ಆಹಾರ ಬೇಕು. ಗೋಮಾಳವೊಂದನ್ನೇ ನಂಬಿ ಕೂರುವ ಕಾಲ ಇದಲ್ಲ. ಹೊಲದ ಬದುವಿನಲ್ಲಿ ಅಗಸೆ ಮರ (ಚೊಗಚೆ), ಸುಬಾಬುಲ್, ಗೊಬ್ಬರದ ಗಿಡ ನೆಡಿ. ಸುಬಾಬುಲ್ ಸೊಪ್ಪು ಒಟ್ಟು ಮೇವಿನ ಮೂರನೇ ಒಂದು ಭಾಗ ಮೀರದಿರಲಿ, ಹೆಚ್ಚಾದರೆ ವಿಷ. ಸುಗ್ಗಿಯಲ್ಲಿ ಶೇಂಗಾ ಬಳ್ಳಿ, ಹುರುಳಿ ಹೊಟ್ಟು, ತೊಗರಿ ಹೊಟ್ಟನ್ನು ಸುಡಬೇಡಿ, ಮಾರಬೇಡಿ. ಮಳೆ ತಾಗದ ಕಡೆ ಒಟ್ಟಿ ಇಡಿ. ಬೇಸಿಗೆಯಲ್ಲಿ ಅದೇ ಆಧಾರ.

ಒಂದು ಎಚ್ಚರಿಕೆ: ಮಳೆ ಕೈಕೊಟ್ಟು ಬಾಡಿದ ಎಳೇ ಜೋಳದ ಪೈರಿಗೆ, ಕೊಯ್ದ ಮೇಲೆ ಚಿಗುರಿದ ಕೂಳೆ ಜೋಳಕ್ಕೆ ಕುರಿ ಬಿಡಬೇಡಿ. ಅದರಲ್ಲಿರುವ ವಿಷದಿಂದ ಸ್ವಲ್ಪ ಹೊತ್ತಿನಲ್ಲೇ ಕುರಿ ಸಾಯಬಹುದು.

ಹುಲ್ಲಿಗೂ ವಿಶ್ರಾಂತಿ ಬೇಕು

ಒಂದೇ ಜಾಗದಲ್ಲಿ ದಿನಾ ಮೇಯಿಸಿದರೆ ಎರಡು ನಷ್ಟ. ಹುಲ್ಲು ಬುಡದವರೆಗೂ ಹೋಗಿ ಮತ್ತೆ ಚಿಗುರುವುದಿಲ್ಲ, ಮಳೆಗೆ ಮಣ್ಣು ಕೊಚ್ಚಿ ಹೋಗುತ್ತದೆ. ಎರಡನೆಯದು ಜಂತುಹುಳು. ಕುರಿಯ ಹಿಕ್ಕೆಯಲ್ಲಿ ಹುಳುವಿನ ಮೊಟ್ಟೆ ಬೀಳುತ್ತದೆ. ಮಳೆಗಾಲದಲ್ಲಿ ಸುಮಾರು ಒಂದು ವಾರದಲ್ಲಿ ಮರಿಹುಳುಗಳು ಬೆಳೆದು, ಒದ್ದೆ ಹುಲ್ಲಿನ ಮೇಲೆ ಹತ್ತಿ, ಮತ್ತೆ ಕುರಿಯ ಹೊಟ್ಟೆ ಸೇರುತ್ತವೆ.

ಆದ್ದರಿಂದ ಮೇಯಿಸುವ ಜಾಗವನ್ನು ನಾಲ್ಕೈದು ಭಾಗ ಮಾಡಿಕೊಳ್ಳಿ. ಒಂದು ಭಾಗದಲ್ಲಿ ಐದಾರು ದಿನ ಮೇಯಿಸಿ ಮುಂದಿನದಕ್ಕೆ ಹೋಗಿ. ನಾಲ್ಕು ಬೆರಳಷ್ಟು ಹುಲ್ಲು ಉಳಿದಿರುವಾಗಲೇ ಎಬ್ಬಿಸಿ. ಬಿಟ್ಟ ಜಾಗಕ್ಕೆ ಎಷ್ಟು ಹೆಚ್ಚು ದಿನ ವಿಶ್ರಾಂತಿ ಸಿಕ್ಕರೆ ಅಷ್ಟು ಒಳ್ಳೆಯದು. ಬೆಳಗಿನ ಇಬ್ಬನಿ ಆರಿದ ಮೇಲೆ ಕುರಿ ಬಿಡಿ.

ಜಂತಿನ ಔಷಧಿಯನ್ನು ಸುಮ್ಮನೆ ಪದೇ ಪದೇ ಕುಡಿಸುವುದೂ ಸರಿಯಲ್ಲ. ಒಂದೇ ಔಷಧಿಯನ್ನು ಕಡಿಮೆ ಪ್ರಮಾಣದಲ್ಲಿ ಮತ್ತೆ ಮತ್ತೆ ಕೊಟ್ಟರೆ ಹುಳು ಅದಕ್ಕೆ ಬಗ್ಗುವುದಿಲ್ಲ. ಕುರಿಯ ಕಣ್ಣಿನ ಕೆಳರೆಪ್ಪೆ ಬಿಡಿಸಿ ನೋಡಿ. ಒಳಗೆ ಕೆಂಪಗಿದ್ದರೆ ರಕ್ತ ಚೆನ್ನಾಗಿದೆ. ಬಿಳುಚಿದ್ದರೆ, ಗದ್ದದ ಕೆಳಗೆ ನೀರು ತುಂಬಿದಂತೆ ಊದಿದ್ದರೆ ತಡ ಮಾಡದೆ ವೈದ್ಯರಿಗೆ ತೋರಿಸಿ, ತೂಕಕ್ಕೆ ತಕ್ಕ ಔಷಧಿ ಕೊಡಿಸಿ. ಗಬ್ಬದ ಕುರಿಗೆ ಕೆಲವು ಔಷಧಿಗಳು ಆಗುವುದಿಲ್ಲ, ಕೇಳಿಯೇ ಕೊಡಿ.

ಗಬ್ಬದ ಕುರಿ, ಹುಟ್ಟಿದ ಮರಿ

ಕುರಿಯ ಗಬ್ಬದ ಅವಧಿ ಸುಮಾರು 150 ದಿನ. ಹೊಟ್ಟೆಯೊಳಗಿನ ಮರಿ ಹೆಚ್ಚು ಬೆಳೆಯುವುದು ಕೊನೆಯ ಒಂದೂವರೆ ತಿಂಗಳಲ್ಲಿ. ಆಗ ಮೇವಿನ ಜೊತೆ ದಿನಕ್ಕೆ 200ರಿಂದ 250 ಗ್ರಾಂ ಹಿಂಡಿ-ಬೂಸಾ ಕೊಡಿ. ನಮ್ಮ ಹೆಣ್ಣುಮಕ್ಕಳಿಗೆ ಬಸುರಿಯಲ್ಲಿ ಒಂದು ತುತ್ತು ಹೆಚ್ಚು ಉಣ್ಣು ಅಂತೀವಲ್ಲ, ಕುರಿಗೂ ಹಾಗೆಯೇ.

ಮರಿ ಹುಟ್ಟಿದ ಕೂಡಲೇ ಮೂಗು-ಬಾಯಿ ಒರೆಸಿ, ಹೊಕ್ಕುಳ ಬಳ್ಳಿಗೆ ಟಿಂಚರ್ ಅಯೋಡಿನ್ ಹಚ್ಚಿ. ಒಂದು ಗಂಟೆಯೊಳಗೆ ಗಿಣ್ಣು ಹಾಲು ಕುಡಿಯಲೇಬೇಕು. ಗಿಣ್ಣು ಹಾಲು ಕೊಡಬಾರದು ಎಂಬ ಹಳೇ ಮಾತು ಕೇಳಬೇಡಿ. ಮರಿಗೆ ರೋಗ ತಡೆಯುವ ಶಕ್ತಿ ಬರುವುದೇ ಅದರಿಂದ. ಮಳೆ-ಚಳಿಯಲ್ಲಿ ಮರಿ ಮಲಗುವ ಜಾಗ ಒಣಗಿರಲಿ. ದೊಡ್ಡ ಕುರಿ ಒಂದಕ್ಕೆ 10 ಚದರ ಅಡಿ ಜಾಗ ಇರಬೇಕು. ಇಕ್ಕಟ್ಟಾದರೆ ರೋಗ ಬೇಗ ಹರಡುತ್ತದೆ.

ಲಸಿಕೆ: ಎಲ್ಲರೂ ಒಟ್ಟಿಗೆ

ಹೊಸ ಮಳೆಗೆ ಎಳೆ ಹುಲ್ಲು ಚಿಗುರಿದಾಗ ಹೊಟ್ಟೆತುಂಬ ತಿಂದ ದಷ್ಟಪುಷ್ಟ ಮರಿ ಬೆಳಗಾಗುವಷ್ಟರಲ್ಲಿ ಸತ್ತು ಬಿದ್ದಿರುತ್ತದೆ. ಯಾರದೋ ದೃಷ್ಟಿ ತಾಗಿತು ಅಂತಾರೆ. ಹೆಚ್ಚಾಗಿ ಅದು ಕರುಳು ಬೇನೆ. ಮಳೆಗಾಲಕ್ಕೆ ಮೊದಲೇ ಲಸಿಕೆ ಹಾಕಿಸಿದರೆ ತಡೆಯಬಹುದು. ಮೊದಲ ವರ್ಷ ಎರಡು ಸಲ, ಆಮೇಲೆ ವರ್ಷಕ್ಕೊಮ್ಮೆ. ಜ್ವರ, ಮೂಗು-ಕಣ್ಣಲ್ಲಿ ಕೀವು, ಬಾಯಿ ಹುಣ್ಣು, ಭೇದಿ ಒಟ್ಟಿಗೆ ಕಂಡರೆ ಪಿಪಿಆರ್ ಇರಬಹುದು. ಇದನ್ನು 2030ರೊಳಗೆ ಪ್ರಪಂಚದಿಂದಲೇ ಇಲ್ಲವಾಗಿಸುವ ಗುರಿಯನ್ನು ಅಂತರರಾಷ್ಟ್ರೀಯ ಸಂಸ್ಥೆಗಳು 2015ರಲ್ಲಿ ಇಟ್ಟುಕೊಂಡವು. ಮರಿಗೆ ನಾಲ್ಕು ತಿಂಗಳಾದ ಮೇಲೆ ಹಾಕಿಸಿದ ಒಂದು ಲಸಿಕೆ ಮೂರು ವರ್ಷ ಕಾಯುತ್ತದೆ. ನೀಲಿ ನಾಲಿಗೆ ರೋಗ, ಕುರಿ ಸಿಡುಬಿನ ಲಸಿಕೆ ಬಗ್ಗೆಯೂ ಪಶು ಆಸ್ಪತ್ರೆಯಲ್ಲಿ ವಿಚಾರಿಸಿ.

ಒಬ್ಬರ ಕುರಿಗೆ ಹಾಕಿಸಿ ಪಕ್ಕದವರ ಕುರಿ ಬಿಟ್ಟರೆ ಊರಿನಿಂದ ರೋಗ ಹೋಗುವುದಿಲ್ಲ. ಸಂಘದಿಂದಲೇ ಒಂದು ದಿನ ಗೊತ್ತುಮಾಡಿ ಊರಿನ ಎಲ್ಲ ಕುರಿ-ಮೇಕೆಗೂ ಒಟ್ಟಿಗೆ ಹಾಕಿಸಿ. ಸಂತೆಯಿಂದ ತಂದ ಹೊಸ ಕುರಿಯನ್ನು ಮೂರು ವಾರ ಬೇರೆ ಕಟ್ಟಿ ನೋಡಿ, ಆಮೇಲೆ ಮಂದೆಗೆ ಸೇರಿಸಿ.

ಮಾರುವಾಗ

ಬಕ್ರೀದ್, ಯುಗಾದಿಯ ಹೊಸತೊಡಕು, ಊರಹಬ್ಬಗಳ ಕಾಲಕ್ಕೆ ಬೆಲೆ ಚೆನ್ನಾಗಿರುತ್ತದೆ. ಮರಿಗಳು ಆ ಹೊತ್ತಿಗೆ ಸಿದ್ಧವಾಗುವಂತೆ ಲೆಕ್ಕ ಹಾಕಿ. ಕಣ್ಣಂದಾಜಿನಲ್ಲಿ ಕೊಡಬೇಡಿ, ತೂಗಿ ಮಾರಿ. ಸಂಘಕ್ಕೊಂದು ತಕ್ಕಡಿ ಇದ್ದರೆ ದಲ್ಲಾಳಿಯ ಎದುರು ಮಾತಾಡಲು ಧೈರ್ಯ ಬರುತ್ತದೆ. ಹಿಕ್ಕೆ ಗೊಬ್ಬರವೂ ಹಣವೇ, ಮೊದಲು ನಿಮ್ಮ ಹೊಲಕ್ಕೆ ಹಾಕಿ.

ಮುಂದಿನ ವಾರದ ಸಭೆಯಲ್ಲಿ ಮಾತಾಡಿ

1. ಕಳೆದ ವರ್ಷ ನಮ್ಮ ಸಂಘದವರ ಎಷ್ಟು ಮರಿ ಹುಟ್ಟಿದವು, ಎಷ್ಟು ಸತ್ತವು, ಯಾವ ತಿಂಗಳಲ್ಲಿ?
2. ಬೇಸಿಗೆಗೆ ಯಾರ ಮನೆಯಲ್ಲಿ ಎಷ್ಟು ಮೇವಿದೆ?
3. ಲಸಿಕೆಯ ದಿನ ಗೊತ್ತುಮಾಡಲು ಪಶು ಆಸ್ಪತ್ರೆಗೆ ಯಾರು ಹೋಗುತ್ತಾರೆ?
4. ಸಾಲದ ಕುರಿಗಳಿಗೆ ವಿಮೆ ಆಗಿದೆಯೇ?

ಉತ್ತರಗಳನ್ನು ಸಂಘದ ಪುಸ್ತಕದಲ್ಲಿ ಬರೆದಿಡಿ. ಮುಂದಿನ ವರ್ಷ ಇದೇ ಹೊತ್ತಿಗೆ ಮತ್ತೆ ತೆಗೆದು ನೋಡಿ. ಸತ್ತ ಮರಿಗಳ ಸಂಖ್ಯೆ ಕಡಿಮೆಯಾಗಿದ್ದರೆ, ಒಂದು ಕುರಿಯನ್ನೂ ಹೊಸದಾಗಿ ಕೊಳ್ಳದೆ ನಿಮ್ಮ ಆದಾಯ ಹೆಚ್ಚಿದೆ ಎಂದರ್ಥ.