ಹಸಿರು ಪರದೆಯೇ ಮೇನ್‌ಫ್ರೇಮ್ ಅಲ್ಲ

"ಗಿಟ್, ಪೈಥಾನ್, ವಿಎಸ್ ಕೋಡ್ ಎಲ್ಲ ಜಾವಾದವರಿಗೆ ಸಾರ್, ನಮ್ಮ ಮೇನ್‌ಫ್ರೇಮ್‌ನಲ್ಲಿ ನಡೆಯೋದಿಲ್ಲ." ಅಮೆರಿಕ, ಯುರೋಪಿನ ಬ್ಯಾಂಕುಗಳ ಝಡ್/ಓಎಸ್ ವ್ಯವಸ್ಥೆಗಳನ್ನು ಬೆಂಗಳೂರಿನಲ್ಲಿ ಕೂತು ನೋಡಿಕೊಳ್ಳುವ ತಂಡಗಳಲ್ಲಿ ಈ ಮಾತು ಕೇಳಿ ಕೇಳಿ ಸಾಕಾಗಿದೆ. ಹೊಸಬರು ಹೇಳಿದರೆ ಸರಿ, ಅವರಿಗೆ ಯಾರೂ ತೋರಿಸಿಲ್ಲ. ವರ್ಷಗಟ್ಟಲೆ ಸಿಸ್ಟಮ್ಸ್ ಪ್ರೋಗ್ರಾಮಿಂಗ್ ಮಾಡಿದವರೂ ಇದನ್ನೇ ಹೇಳಿದಾಗ ನನಗೆ ತಾಳ್ಮೆ ಉಳಿಯುವುದಿಲ್ಲ.

ಪರದೆಯನ್ನೇ ಯಂತ್ರ ಎಂದುಕೊಂಡದ್ದು ಈ ತಪ್ಪಿನ ಬೇರು. 3270 ಟರ್ಮಿನಲ್ 1971ರದು. ಇಂದು ಅದು ನಿಮ್ಮ ಲ್ಯಾಪ್‌ಟಾಪಿನಲ್ಲಿ ತೆರೆಯುವ ಎಮ್ಯುಲೇಟರ್ ಮಾತ್ರ. ಯಂತ್ರದೊಳಗೆ ಹೋಗುವ ದಾರಿಗಳಲ್ಲಿ ಒಂದು. ಈ ಆಪರೇಟಿಂಗ್ ಸಿಸ್ಟಮ್‌ನೊಳಗೆ 1990ರ ದಶಕದಿಂದಲೇ ಪೂರ್ತಿ ಯುನಿಕ್ಸ್ ಇದೆ. ಎಸ್‌ಎಸ್‌ಎಚ್ ಮೂಲಕ ಒಳಗೆ ಬಂದು ಶೆಲ್‌ನಲ್ಲಿ ಕೆಲಸ ಮಾಡಬಹುದು. ಪೈಥಾನ್ ಅನ್ನು ಐಬಿಎಂ ತಾನೇ ಕೊಡುತ್ತದೆ. ಗಿಟ್ ಅನ್ನು ರಾಕೆಟ್ ಸಾಫ್ಟ್‌ವೇರ್ ಕಂಪನಿ ಈ ಯಂತ್ರಕ್ಕೆ ಒಗ್ಗಿಸಿತು. 2018ರಲ್ಲಿ ಐಬಿಎಂ, ಸಿಎ ಮತ್ತು ರಾಕೆಟ್ ಸೇರಿ ಓಪನ್ ಮೇನ್‌ಫ್ರೇಮ್ ಪ್ರಾಜೆಕ್ಟ್‌ನಡಿ ಝೋವೆಯನ್ನು ಹೊರತಂದವು. ಅದನ್ನು ವಿಎಸ್ ಕೋಡ್‌ಗೆ ಜೋಡಿಸಿದರೆ ಪಿಡಿಎಸ್ ಮೆಂಬರುಗಳು ಎಡಗಡೆ ಸಾಲಾಗಿ ಕಾಣುತ್ತವೆ, ಅಲ್ಲಿಂದಲೇ ಜೆಸಿಎಲ್ ಸಬ್ಮಿಟ್ ಮಾಡಿ ಸ್ಪೂಲ್ ಓದಬಹುದು.

"ನಾವೂ ಮಾಡಿ ನೋಡಿದ್ವಿ, ಬರೀ ಕಸ ಬಂತು" ಎನ್ನುವವರಿದ್ದಾರೆ. ಏನು ಮಾಡಿದಿರಿ ಎಂದು ಕೇಳಿದರೆ ಉತ್ತರ ಹೆಚ್ಚುಕಡಿಮೆ ಒಂದೇ: ಮೆಂಬರನ್ನು ಹಾಗೆಯೇ ಎತ್ತಿ ಗಿಟ್‌ಗೆ ಹಾಕಿದ್ದಾರೆ. ಎಬ್ಸಿಡಿಕ್‌ನಲ್ಲಿ 'ಎ' ಅಕ್ಷರ ಹೆಕ್ಸ್ ಸಿ1, ಆಸ್ಕಿಯಲ್ಲಿ 41. ಪರಿವರ್ತನೆ ಮಾಡದೆ ದಾಟಿಸಿದರೆ ಕಸವಲ್ಲದೆ ಇನ್ನೇನು ಬರುತ್ತದೆ? ರೆಪಾಸಿಟರಿಯಲ್ಲಿ ಯುಟಿಎಫ್-8, ಯಂತ್ರದ ಕಡೆ ಐಬಿಎಂ-1047 ಎಂದು ಗಿಟ್‌ಆಟ್ರಿಬ್ಯೂಟ್ಸ್ ಫೈಲಿನಲ್ಲಿ ಒಂದು ಸಾಲು ಬರೆದರೆ ಪರಿವರ್ತನೆ ತಾನಾಗಿಯೇ ಆಗುತ್ತದೆ. ಆ ಕೋಡ್ ಪೇಜ್ ಸಂಖ್ಯೆಯೂ ಸರಿಯಾಗಿರಬೇಕು. ಚೌಕ ಆವರಣದ ಎಡಚಿಹ್ನೆ 1047ರಲ್ಲಿ ಎಡಿ, 037ರಲ್ಲಿ ಬಿಎ. ಇದನ್ನು ಬೆರೆಸಿದರೆ ಸಿ ಪ್ರೋಗ್ರಾಮಿನ ಅರೇಗಳು ಕಂಪೈಲರ್‌ಗೇ ಅರ್ಥವಾಗುವುದಿಲ್ಲ. ಇನ್ನೊಂದು ದೂರು, ಒಂದು ಸಾಲು ತಿದ್ದಿದರೆ ಇಡೀ ಫೈಲೇ ಬದಲಾದಂತೆ ತೋರಿಸುತ್ತದೆ ಎಂಬುದು. 73ರಿಂದ 80ರವರೆಗಿನ ಕಾಲಮುಗಳಲ್ಲಿ ಪಂಚ್ ಕಾರ್ಡ್ ಕಾಲದ ಸೀಕ್ವೆನ್ಸ್ ನಂಬರ್ ಉಳಿಸಿಕೊಂಡು, ಎಡಿಟರ್ ಅದನ್ನು ಮತ್ತೆ ಮತ್ತೆ ಬದಲಾಯಿಸಲು ಬಿಟ್ಟರೆ ಗಿಟ್ ಬೇರೇನು ತೋರಿಸಬೇಕು? ನಂಬರಿಂಗ್ ಆಫ್ ಮಾಡಿ, ಆ ಕಾಲಮುಗಳನ್ನು ಒಮ್ಮೆ ಅಳಿಸಿ, ದೂರು ಮುಗಿಯಿತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಇಷ್ಟೆಲ್ಲ ಯಾಕೆ ಬೇಕು ಎನ್ನುವವರು ಪಾರ್ಮ್‌ಲಿಬ್ ತೆರೆದು ನೋಡಲಿ. ಐಇಎಸಿಸ್00 ಪಕ್ಕದಲ್ಲಿ ಐಇಎಸಿಸ್‌ಬಿಕೆ, ಅದರ ಪಕ್ಕ ಐಇಎಸಿಸ್‌ಓಡಿ, ಯಾವುದು ಯಾವಾಗಿನ ಪ್ರತಿ ಎಂದು ಯಾರಿಗೂ ಗೊತ್ತಿಲ್ಲ. ಐಎಸ್‌ಪಿಎಫ್ ಅಂಕಿಅಂಶ ಹೇಳುವುದು ಕೊನೆಗೆ ಕೈ ಹಾಕಿದವರ ಐಡಿ, ದಿನಾಂಕ, ವೇಳೆ. ಏನು ಬದಲಾಯಿತು, ಯಾಕೆ ಬದಲಾಯಿತು ಎಂಬುದು ಅಲ್ಲಿಲ್ಲ. ಇಂದು ತಿದ್ದಿದ ಸಾಲಿನ ಪರಿಣಾಮ ಮುಂದಿನ ಐಪಿಎಲ್‌ನಲ್ಲಿ ಕಾಣಬಹುದು, ಅದು ತಿಂಗಳುಗಳ ನಂತರ. ಆಗ ಯಂತ್ರ ಏಳದಿದ್ದರೆ, ನಡುರಾತ್ರಿ ಕಾನ್ಫರೆನ್ಸ್ ಕಾಲ್‌ನಲ್ಲಿ ಅದೇ ಪ್ರಶ್ನೆ: ಯಾರು ಮುಟ್ಟಿದ್ದು? ಗಿಟ್ ಇದ್ದಲ್ಲಿ ಪ್ರತಿ ಸಾಲಿಗೂ ಹೆಸರಿದೆ, ಕಾರಣವಿದೆ, ಇನ್ನೊಬ್ಬರು ಪರಿಶೀಲಿಸಿದ ದಾಖಲೆಯಿದೆ.

ಹಾಗೆಂದು ಐಪಿಎಲ್ ಹೊತ್ತಿನಲ್ಲಿ ಯಂತ್ರ ಗಿಟ್ ಓದುವುದಿಲ್ಲ. ಆಗ ಯುನಿಕ್ಸ್ ಕೂಡ ಎದ್ದಿರುವುದಿಲ್ಲ. ಅದು ನೋಡುವುದು ಡಿಸ್ಕಿನ ಮೇಲಿನ ಡೇಟಾಸೆಟ್ಟನ್ನೇ. ಗಿಟ್ ಕೂಡ ಕೆಲಸ ಮಾಡುವುದು ಯುನಿಕ್ಸ್ ಫೈಲುಗಳ ಮೇಲೆ, ನೇರ ಪಿಡಿಎಸ್ ಮೇಲಲ್ಲ. ಆದ್ದರಿಂದ ಮೂಲ ಪ್ರತಿ ಗಿಟ್‌ನಲ್ಲಿ, ಅಲ್ಲಿಂದ ಡೇಟಾಸೆಟ್ಟಿಗೆ ಇಳಿಸಲು ಆ್ಯನ್ಸಿಬಲ್ ಅಥವಾ ಒಂದು ಸ್ಕ್ರಿಪ್ಟು. ಎಲ್ಲ ಕೆಟ್ಟ ರಾತ್ರಿ ಪಕ್ಕದ ಎಲ್‌ಪಾರ್‌ನಿಂದ ಆ ಡಿಸ್ಕ್ ತೆರೆದು ತಿದ್ದಲು ಐಎಸ್‌ಪಿಎಫ್ ಬೇಕೇ ಬೇಕು. ಹೊಸದು ಕಲಿಯಿರಿ ಎಂದರೆ ಹಳೆಯದನ್ನು ಮರೆಯಿರಿ ಎಂದಲ್ಲ.

ಉಳಿದ ನಂಬಿಕೆಗಳನ್ನು ಬೇಗ ಮುಗಿಸುತ್ತೇನೆ. ಮೇನ್‌ಫ್ರೇಮ್ ಸತ್ತಿದೆ: ಸಿಸ್ಟಮ್/360 ಬಂದದ್ದು 1964ರಲ್ಲಿ, ಅದರ ವಂಶದ ಝಡ್17 ಬಂದದ್ದು 2025ರಲ್ಲಿ. ಅದರಲ್ಲಿ ಲಿನಕ್ಸ್ ಓಡುವುದಿಲ್ಲ: 2000ದಿಂದಲೂ ಓಡುತ್ತಿದೆ. ಝೋವೆ ಹಾಕಿದರೆ ಭದ್ರತೆ ಹೋಯಿತು: ಯಾವ ದಾರಿಯಿಂದ ಬಂದರೂ ಡೇಟಾಸೆಟ್ ತೆರೆಯಬೇಕಾದರೆ ರ‍್ಯಾಕ್‌ಎಫ್ ಅನುಮತಿ ಬೇಕು. ಝಡ್/ಓಎಸ್‌ಎಂಎಫ್ ಬಂದಮೇಲೆ ಎಸ್‌ಎಂಪಿ/ಇ ಕಲಿಯಬೇಕಿಲ್ಲ: ಆ ಚಂದದ ಪುಟದ ಕೆಳಗೆ ಓಡುವುದು ಎಸ್‌ಎಂಪಿ/ಇ, ಹೋಲ್ಡ್‌ಡೇಟಾ ಓದದೆ ಅಪ್ಲೈ ಒತ್ತಿದರೆ ಯಾವ ಪುಟವೂ ಕಾಪಾಡುವುದಿಲ್ಲ.

ಈ ಕೊನೆಯದು ಮ್ಯಾನೇಜರುಗಳ ನಂಬಿಕೆ. ಹಳಬರು "ಯಾವುದೂ ನಡೆಯದು" ಎಂದು ನಂಬಿದರೆ, ಇವರು "ಟೂಲ್ ಕೊಂಡರೆ ಸಾಕು, ಯಾರು ಬೇಕಾದರೂ ಸಿಸ್‌ಪ್ರೋಗ್" ಎಂದು ನಂಬುತ್ತಾರೆ. ಇಬ್ಬರೂ ಯಂತ್ರದ ಮುಂದೆ ಕೂತು ನೋಡಿದವರಲ್ಲ, ಯಾರೋ ಹೇಳಿದ್ದನ್ನು ಒಪ್ಪಿಕೊಂಡವರು. ನನಗೆ ನೋವಾಗುವುದು ಇಲ್ಲಿಯೇ. ಒಂದು ಎಸ್0ಸಿ4 ಬಂದರೆ ಡಂಪ್ ತೆರೆದು, ಪಿಎಸ್‌ಡಬ್ಲ್ಯು ನೋಡಿ, ರಿಜಿಸ್ಟರ್ ಹಿಡಿದು ಬೆನ್ನಟ್ಟದೆ ಕಾರಣ ಹೇಳಬಾರದು ಎಂಬುದು ನಮ್ಮ ವೃತ್ತಿಯ ಮೊದಲ ಪಾಠ. ಪ್ರೋಗ್ರಾಮಿನ ಬಗ್ಗೆ ಇಷ್ಟು ಸಾಕ್ಷ್ಯ ಕೇಳುವವರು ಟೂಲಿನ ಬಗ್ಗೆ ಮಾತ್ರ ಕ್ಯಾಂಟೀನಿನ ಮಾತು ನಂಬಿದರೆ ಹೇಗೆ? ಗಾಳಿಮಾತು ನಂಬುವುದಕ್ಕೆ ಓದು, ಅನುಭವ ಅಡ್ಡಿಯಾಗುವುದಿಲ್ಲ. ಪರೀಕ್ಷಿಸುವ ಅಭ್ಯಾಸ ಮಾತ್ರ ಅಡ್ಡಿಯಾಗುತ್ತದೆ.

ಟೆಸ್ಟ್ ಎಲ್‌ಪಾರ್ ಒಂದು ನಿಮ್ಮಲ್ಲಿದ್ದೇ ಇರುತ್ತದೆ. ಅದರ ಪಾರ್ಮ್‌ಲಿಬ್ಬನ್ನು ಗಿಟ್‌ಗೆ ತನ್ನಿ, ಒಂದು ಬದಲಾವಣೆ ಮಾಡಿ, ಇಳಿಸಿ, ಐಪಿಎಲ್ ಮಾಡಿ ನೋಡಿ. ಎಲ್ಲಿಯಾದರೂ ಕೆಟ್ಟರೆ ಕೆಟ್ಟ ಜಾಗ ತೋರಿಸಿ, ಚರ್ಚೆ ಮಾಡೋಣ. ಅಲ್ಲಿಯವರೆಗೆ "ನಡೆಯಲ್ಲ" ಎಂಬ ಮಾತನ್ನು ನಾನು ಒಪ್ಪುವುದಿಲ್ಲ.