ಹನ್ನೊಂದರಲ್ಲಿ ಒಬ್ಬ

ಹಾಕಿ ಪಂದ್ಯದ ವೀಕ್ಷಕ ವಿವರಣೆಯನ್ನು ಕೇಳುತ್ತ ಕುಳಿತ ಮನೆಗಳಲ್ಲಿ ಆಟ ಮುಗಿದೊಡನೆ ಏಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: "ಗೋಲು ಹೊಡೆದವರು ಯಾರು?" ಪ್ರಶ್ನೆ ಸಹಜವಾದುದೇ. ಗೋಲು ಎಣಿಕೆಗೆ ಸಿಕ್ಕುತ್ತದೆ. ಹೊಡೆದವರ ಹೆಸರು ಕಿವಿಯಲ್ಲಿ ಉಳಿಯುತ್ತದೆ. ಆದರೆ ಬಹುಕಾಲ ಸೋತು ಸೊರಗಿದ ತಂಡವೊಂದು ಮತ್ತೆ ಎದ್ದು ನಿಂತಾಗ, ಅದಕ್ಕೆ ಕಾರಣರಾದವರನ್ನು ಗುರುತಿಸಲು ಈ ಪ್ರಶ್ನೆಯೊಂದೇ ಸಾಲದು. ಹನ್ನೊಂದು ಮಂದಿಯ ಆಟದಲ್ಲಿ ಒಬ್ಬನಿಂದ ಆಗುವುದೇನು, ಆಗದಿರುವುದೇನು? 2021ರಲ್ಲಿ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ನಮ್ಮ ಪುರುಷರ ತಂಡ ಆಡಿದ ಆಟವನ್ನು ಮುಂದಿಟ್ಟುಕೊಂಡು ಇದನ್ನು ವಿಚಾರ ಮಾಡೋಣ.

ಮೊದಲು ಸೋಲಿನ ಕಥೆ. 1928ರಿಂದ 1980ರವರೆಗೆ ಎಂಟು ಚಿನ್ನದ ಪದಕಗಳನ್ನು ಗೆದ್ದಿದ್ದ ಭಾರತ, 2008ರ ಬೀಜಿಂಗ್ ಕೂಟಕ್ಕೆ ಅರ್ಹತೆಯನ್ನೇ ಪಡೆಯಲಿಲ್ಲ. 2012ರಲ್ಲಿ ಲಂಡನ್ನಿಗೆ ಹೋಯಿತು. ಆಡಿದ ಆರು ಪಂದ್ಯಗಳನ್ನೂ ಸೋತು, ಹನ್ನೆರಡು ತಂಡಗಳಲ್ಲಿ ಹನ್ನೆರಡನೆಯದಾಗಿ ಮರಳಿತು. ಆ ತಂಡದಲ್ಲಿ ನಮ್ಮ ಕೊಡಗಿನ ವಿ. ಆರ್. ರಘುನಾಥ್ ಮತ್ತು ಎಸ್. ವಿ. ಸುನಿಲ್ ಇದ್ದರು, ಕೇರಳದ ಗೋಲ್‌ಕೀಪರ್ ಪಿ. ಆರ್. ಶ್ರೀಜೇಶ್ ಇದ್ದರು, ಪಂಜಾಬಿನ ಮನ್‌ಪ್ರೀತ್ ಸಿಂಗ್ ಇದ್ದರು. ಇವರಲ್ಲಿ ಯಾರನ್ನೂ ಕಡಿಮೆ ಆಟಗಾರರೆನ್ನಲಾಗದು. ಒಂಬತ್ತು ವರ್ಷಗಳ ಅನಂತರ ಪದಕ ತಂದ ತಂಡಕ್ಕೆ ಇದೇ ಮನ್‌ಪ್ರೀತ್ ನಾಯಕರು, ಇದೇ ಶ್ರೀಜೇಶ್ ಗೋಲ್‌ಕೀಪರ್. ಅಂದ ಮೇಲೆ, ಒಳ್ಳೆಯ ಆಟಗಾರನೊಬ್ಬನು ಇದ್ದಮಾತ್ರಕ್ಕೆ ತಂಡದ ಹಣೆಬರಹ ಬದಲಾಗುವುದಿಲ್ಲ ಎಂಬುದು ಸ್ಪಷ್ಟ. ಆತನ ಶಕ್ತಿ ಉಪಯೋಗಕ್ಕೆ ಬರುವಂತೆ ಸುತ್ತಲಿನ ಕೆಲಸಗಳೂ ಕೂಡಿಬರಬೇಕು.

ಆ ಕೂಡಿಬರುವ ಕೆಲಸದಲ್ಲಿ ಬೆಂಗಳೂರಿಗೂ ಒಂದು ಪಾಲಿದೆ. 2020ರ ಮಾರ್ಚಿಯಲ್ಲಿ ಕೋವಿಡ್ ಕಾರಣದಿಂದ ದೇಶವೆಲ್ಲ ಬಾಗಿಲು ಹಾಕಿದಾಗ, ಹಾಕಿ ತಂಡದವರು ಬೆಂಗಳೂರಿನ ಕ್ರೀಡಾ ಪ್ರಾಧಿಕಾರದ ಆವರಣದಲ್ಲೇ ಉಳಿಯಬೇಕಾಯಿತು. ತಿಂಗಳುಗಟ್ಟಲೆ ಮನೆಯಿಲ್ಲ, ಪಂದ್ಯವಿಲ್ಲ. ಒಲಿಂಪಿಕ್ಸ್ ಒಂದು ವರ್ಷ ಮುಂದಕ್ಕೆ ಹೋಯಿತು. ಮನೆಗೆ ಹೋಗಿ ಆಗಸ್ಟ್‌ನಲ್ಲಿ ಮರಳಿ ಬಂದವರಲ್ಲಿ ನಾಯಕರೂ ಸೇರಿ ಕೆಲವರಿಗೆ ಸೋಂಕು ತಗಲಿತು. ಆಸ್ಟ್ರೇಲಿಯದಿಂದ ಬಂದ ತರಬೇತುದಾರ ಗ್ರಹಾಂ ರೀಡ್ ಅವರ ಕೈಯಲ್ಲಿ ಇಂಥ ದಿನಗಳನ್ನು ಒಟ್ಟಿಗೆ ಕಳೆದ ತಂಡವಿತ್ತು.

ಟೋಕಿಯೋದಲ್ಲಿ ಮೊದಲ ಪಂದ್ಯ ನ್ಯೂಜಿಲೆಂಡಿನ ಮೇಲೆ 3-2ರ ಗೆಲುವು. ಮರುದಿನ, ಜುಲೈ 25ರಂದು, ಆಸ್ಟ್ರೇಲಿಯದ ಎದುರು 1-7ರ ಸೋಲು! ಹಿಂದಿನ ದಿನಗಳ ನೆನಪು ನಿಮಗೂ ಆಗ ಮರುಕಳಿಸಿರಬೇಕು. ಇಂಥ ಪೆಟ್ಟಿನಿಂದ ಒಂದು ತಂಡ ಒಡೆದುಹೋಗುವುದು ಅಪರೂಪವೇನಲ್ಲ. ಒಬ್ಬರ ಮೇಲೊಬ್ಬರು ತಪ್ಪು ಹೊರಿಸಲು ಇದಕ್ಕಿಂತ ಹೆಚ್ಚಿನ ಕಾರಣ ಬೇಕಿರಲಿಲ್ಲ.

ಮುಂದಿನ ಪಂದ್ಯ ಸ್ಪೇನಿನೊಡನೆ. ಮೊದಲ ಗೋಲು ಸಿಮ್ರನ್‌ಜೀತ್ ಸಿಂಗ್ ಅವರದು. ಇವರು ಮೂಲದಲ್ಲಿ ಆಯ್ಕೆಯಾದ ಹದಿನಾರು ಮಂದಿಯಲ್ಲಿ ಇರಲೇ ಇಲ್ಲ, ಕಾಯ್ದಿರಿಸಿದ ಆಟಗಾರರು. ಸಾಂಕ್ರಾಮಿಕದ ಕಾರಣ ಆ ಸಲ ಮಾತ್ರ ನಿಯಮವನ್ನು ಸಡಿಲಿಸಿ, ಕಾಯ್ದಿರಿಸಿದವರನ್ನೂ ಸೇರಿಸಿಕೊಂಡು ಪ್ರತಿ ಪಂದ್ಯಕ್ಕೂ ಹದಿನಾರು ಮಂದಿಯನ್ನು ಆರಿಸಿಕೊಳ್ಳಬಹುದೆಂದು ಅನುಮತಿ ಕೊಡಲಾಗಿತ್ತು. ಭಾರತ 3-0ಯಿಂದ ಗೆದ್ದಿತು. ಅದರ ಮುಂದಿನ ಪಂದ್ಯದಲ್ಲಿ ಅರ್ಜೆಂಟೀನದ ಮೇಲೆ ಮೊದಲ ಗೋಲು ಹೊಡೆದ ವರುಣ್ ಕುಮಾರ್ ಕೂಡ ಹೀಗೆಯೇ ಕಾಯ್ದಿರಿಸಿದವರು. ಆಡುತ್ತೇವೆಂಬ ಭರವಸೆಯಿಲ್ಲದೆ ಆಡುವವರಷ್ಟೇ ಸಿದ್ಧರಾಗಿದ್ದರಲ್ಲ, ಅದೇ ಈ ಇಬ್ಬರು ತಂಡಕ್ಕೆ ಕೊಟ್ಟ ದೊಡ್ಡ ಕೊಡುಗೆ.

ಇನ್ನು ಕಣ್ಣಿಗೂ ಕಿವಿಗೂ ಸುಲಭವಾಗಿ ಬೀಳದ ಕೆಲಸವೊಂದನ್ನು ನೋಡೋಣ. ಇಂದಿನ ಹಾಕಿಯಲ್ಲಿ ಪೆನಾಲ್ಟಿ ಕಾರ್ನರಿನ ಮಹತ್ವ ಬಹಳ. ಒಬ್ಬನು ಗೋಲಿನ ಕಂಬದಿಂದ ಹತ್ತು ಮೀಟರ್ ದೂರದಲ್ಲಿ, ಹಿಂಗೆರೆಯ ಮೇಲಿನಿಂದ ಚೆಂಡನ್ನು ಒಳಕ್ಕೆ ತಳ್ಳುತ್ತಾನೆ. ವೃತ್ತದ ಹೊರಗೆ ಇನ್ನೊಬ್ಬನು ಅದನ್ನು ತಡೆದು ನಿಲ್ಲಿಸುತ್ತಾನೆ. ಮೂರನೆಯವನು ಕೋಲಿನಿಂದ ಅದನ್ನು ಎಳೆದು ಗೋಲಿನತ್ತ ಬೀಸಿ ಎಸೆಯುತ್ತಾನೆ. ಕಾಯಲು ಗೋಲ್‌ಕೀಪರ್ ಸೇರಿ ಐದೇ ಮಂದಿ. ಅವರಲ್ಲಿ ಒಬ್ಬನು ಗೋಲುಗೆರೆಯಿಂದ ನೇರವಾಗಿ ಎಸೆಯುವವನ ಮೇಲೆಯೇ ನುಗ್ಗಬೇಕು. ಆ ಚೆಂಡು ಮೊಣಕಾಲಿಗೆ ತಗಲಿದರೆ ಏನಾಗುತ್ತದೆಂದು ಹೇಳಬೇಕಾಗಿಲ್ಲ. ಭಾರತದ ಪರವಾಗಿ ಹೀಗೆ ಮೊದಲು ನುಗ್ಗುವ ಕೆಲಸ ಒಡಿಶಾದ ಅಮಿತ್ ರೋಹಿದಾಸ್ ಅವರದಾಗಿತ್ತು. ಅವರು ತಡೆದದ್ದು ಯಾವ ಗೋಲಿನ ಪಟ್ಟಿಯಲ್ಲೂ ಬರುವುದಿಲ್ಲ. ಆದರೆ ಮುಂದೆ ಒಬ್ಬನು ಹಾಗೆ ನುಗ್ಗಿ ಎಸೆತದ ದಾರಿಯನ್ನು ಕಿರಿದು ಮಾಡಿದರೆ, ಹಿಂದೆ ನಿಂತ ಗೋಲ್‌ಕೀಪರಿಗೆ ಕಾಯಬೇಕಾದ ಜಾಗ ಅಷ್ಟು ಕಡಿಮೆಯಾಗುತ್ತದೆ. ಒಬ್ಬನ ಧೈರ್ಯ ಇನ್ನೊಬ್ಬನ ಕೌಶಲವಾಗಿ ಕಾಣುವುದು ಹೀಗೆ.

ಆಗಸ್ಟ್ 5ರಂದು ಕಂಚಿನ ಪದಕಕ್ಕಾಗಿ ಜರ್ಮನಿಯೊಡನೆ ನಡೆದ ಪಂದ್ಯದಲ್ಲಿ ಈ ಎಲ್ಲ ಎಳೆಗಳೂ ಒಂದಾದವು. 25ನೆಯ ನಿಮಿಷದ ಹೊತ್ತಿಗೆ ಭಾರತ 1-3ರಿಂದ ಹಿಂದಿತ್ತು. 27ನೆಯ ನಿಮಿಷದಲ್ಲಿ ಹರ್ಮನ್‌ಪ್ರೀತ್ ಸಿಂಗ್ ಎಸೆದ ಚೆಂಡು ತಡೆಯಲ್ಪಟ್ಟು ಹಿಂದಕ್ಕೆ ಪುಟಿಯಿತು. ಹಾರ್ದಿಕ್ ಸಿಂಗ್ ಅದನ್ನು ಒಳಕ್ಕೆ ಕಳುಹಿಸಿದರು. 29ರಲ್ಲಿ ಹರ್ಮನ್‌ಪ್ರೀತ್ ತಾವೇ ಹೊಡೆದರು. ವಿರಾಮದ ಅನಂತರ, 31ರಲ್ಲಿ, ಮನ್‌ದೀಪ್ ಸಿಂಗ್ ಅವರನ್ನು ಕೆಡವಿದ್ದರಿಂದ ದೊರೆತ ಪೆನಾಲ್ಟಿ ಸ್ಟ್ರೋಕನ್ನು ರೂಪಿಂದರ್ ಪಾಲ್ ಸಿಂಗ್ ಗೋಲಾಗಿಸಿದರು. 34ರಲ್ಲಿ ಗುರ್ಜಂತ್ ಸಿಂಗ್ ಬಲಬದಿಯಿಂದ ಕೊಟ್ಟ ಚೆಂಡು ಸಿಮ್ರನ್‌ಜೀತ್ ಅವರ ಎರಡನೆಯ ಗೋಲಾಯಿತು. ಎಂಟು ನಿಮಿಷಗಳೊಳಗೆ ನಾಲ್ಕು ಗೋಲು, ನಾಲ್ವರು ಹೊಡೆದವರು. ಅವರ ಹಿಂದೆ ಬಿದ್ದವರು, ಓಡಿದವರು, ಕೊಟ್ಟವರು ಎಷ್ಟೋ ಮಂದಿ.

ಜರ್ಮನಿ 48ರಲ್ಲಿ ಒಂದನ್ನು ತೀರಿಸಿ 5-4 ಮಾಡಿತು. ಮುಕ್ತಾಯಕ್ಕೆ ಏಳು ಸೆಕೆಂಡುಗಳೂ ಉಳಿಯದಿದ್ದಾಗ ಅದಕ್ಕೆ ಪೆನಾಲ್ಟಿ ಕಾರ್ನರ್ ಸಿಕ್ಕಿತು. ಶ್ರೀಜೇಶ್ ತಡೆದರು. 41 ವರ್ಷಗಳ ಮೇಲೆ ಭಾರತಕ್ಕೆ ಹಾಕಿಯಲ್ಲಿ ಪದಕ ಬಂತು. ಶ್ರೀಜೇಶ್ ಗೋಲಿನ ಅಡ್ಡಪಟ್ಟಿಯ ಮೇಲೇರಿ ಕುಳಿತರು. ಲಂಡನ್ನಿನಲ್ಲಿ ಕೊನೆಯ ಸ್ಥಾನ ಪಡೆದು ಮರಳಿದವರಲ್ಲಿ ಒಬ್ಬರು ಹೀಗೆ ಕುಳಿತದ್ದನ್ನು ನೋಡಿ ಕಣ್ಣು ತುಂಬಿಕೊಂಡ ಮನೆಗಳು ಬಹಳ.

ಒಬ್ಬ ಆಟಗಾರನ ತೂಕವನ್ನು ಆತ ಇಲ್ಲದಿರುವಾಗಲೂ ಅಳೆಯಬಹುದು. 2024ರ ಪ್ಯಾರಿಸ್ ಕ್ವಾರ್ಟರ್ ಫೈನಲ್‌ನಲ್ಲಿ, ಬ್ರಿಟನ್ನಿನ ಎದುರು, ಇದೇ ರೋಹಿದಾಸ್ 17ನೆಯ ನಿಮಿಷದಲ್ಲೇ ಕೆಂಪು ಚೀಟಿ ಪಡೆದು ಹೊರನಡೆಯಬೇಕಾಯಿತು. ಉಳಿದ ಹತ್ತು ಮಂದಿ ನಲವತ್ತು ನಿಮಿಷಕ್ಕೂ ಮಿಕ್ಕಿ ಅವರ ಪಾಲಿನ ಓಟವನ್ನೂ ತಾವೇ ಹಂಚಿಕೊಂಡು ಓಡಿದರು. ಆಟ 1-1ರಲ್ಲಿ ನಿಂತು, ಶೂಟೌಟಿನಲ್ಲಿ ಭಾರತ 4-2ರಿಂದ ಗೆದ್ದಿತು. ಅಲ್ಲಿಯೂ ಕೊನೆಗೆ ಕೈಗೆ ಬಂದದ್ದು ಕಂಚೇ. ಶ್ರೀಜೇಶ್ ಆ ಪದಕದೊಂದಿಗೆ ನಿವೃತ್ತರಾದರು.

ಹಾಗಾದರೆ ನಮ್ಮ ಪ್ರಶ್ನೆಗೆ ಉತ್ತರವೇನು? ಒಬ್ಬನು ಹನ್ನೊಂದು ಮಂದಿಯ ಕೆಲಸ ಮಾಡಲಾರ. ಮಾಡಹೊರಟರೆ ತಂಡ ಕೆಡುತ್ತದೆ. ಆದರೆ ತನ್ನ ಒಂದು ಕೆಲಸವನ್ನು, ಅದು ಬೇಕಾದ ಗಳಿಗೆಯಲ್ಲಿ, ತಪ್ಪದೆ ಮಾಡಿದರೆ ಉಳಿದ ಹತ್ತು ಮಂದಿಗೆ ಒಂದು ಭಯ ಕಡಿಮೆಯಾಗುತ್ತದೆ. ಹಾಗೆ ಒಂದೊಂದೇ ಭಯ ಕಳೆದುಕೊಂಡ ತಂಡವೇ 1-7ರ ಸೋಲಿನ ಮಗ್ಗುಲಲ್ಲಿ ಸ್ಪೇನನ್ನು ಸೋಲಿಸಿದ್ದು.

ಮುಂದಿನ ಸಲ ಪಂದ್ಯ ಕೇಳುವಾಗ ಗೋಲು ಹೊಡೆದವರ ಹೆಸರನ್ನು ಮಕ್ಕಳು ಬರೆದಿಟ್ಟುಕೊಳ್ಳಲಿ. ಆದರೆ ಎದುರಾಳಿಗೆ ಪೆನಾಲ್ಟಿ ಕಾರ್ನರ್ ದೊರೆಯಿತೆಂದು ವಿವರಣೆಕಾರರು ಹೇಳಿದೊಡನೆ ನೀವು ಸ್ವಲ್ಪ ಕಿವಿಗೊಟ್ಟು ಕೇಳಿ: ನಮ್ಮ ಕಡೆಯಿಂದ ಮೊದಲು ನುಗ್ಗಿದವರು ಯಾರು? ಆ ಹೆಸರನ್ನೂ ಪಕ್ಕದಲ್ಲೇ ಬರೆಸಿ.