ಬಾಕಿ ಕೇಳುವ ಬಗೆ

ಕಿರಾಣಿ ಅಂಗಡಿ ಇಡಲು ಏನೇನು ಬೇಕು? ಜಾಗ, ಬಂಡವಾಳ, ತಕ್ಕಡಿ, ಸರಕು. ನಾನು ಬಿ.ಕಾಂ.ನಲ್ಲಿ ಓದಿದ್ದೂ ಹೆಚ್ಚುಕಡಿಮೆ ಇಷ್ಟೇ. ಬ್ಯಾಂಕಿನ ಕೌಂಟರಿನಲ್ಲಿ ಕುಳಿತ ಮೇಲೆ ಇನ್ನೊಂದು ಕಂಡಿತು. ಅಕ್ಕಪಕ್ಕದ ಎರಡು ಅಂಗಡಿ, ಅದೇ ಸರಕು, ಅದೇ ದರ. ಒಂದರ ಖಾತೆ ಬೆಳೆಯುತ್ತದೆ, ಇನ್ನೊಂದರದು ಸೊರಗುತ್ತದೆ. ವ್ಯತ್ಯಾಸ ಇರುತ್ತಿದ್ದದ್ದು ಮಾತಿನಲ್ಲಿ. ಈಗ ಇದಕ್ಕೆ ‘ಸಾಫ್ಟ್ ಸ್ಕಿಲ್ಸ್’ ಎನ್ನುತ್ತಾರೆ, ದುಡ್ಡು ಕೊಟ್ಟು ಕಲಿಯುತ್ತಾರೆ!

ಸಣ್ಣ ಅಂಗಡಿಯವನಿಗೆ ನಿಜವಾದ ಪರೀಕ್ಷೆ ಉದ್ರಿ. ‘ಇಂದು ನಗದು, ನಾಳೆ ಉದ್ರಿ’ ಎಂದು ಬೋರ್ಡು ತೂಗುಹಾಕಿದವರೂ ಕೊನೆಗೆ ಉದ್ರಿ ಕೊಡುವವರೇ. ಕೊಡದಿದ್ದರೆ ಗಿರಾಕಿ ಹೋಗುತ್ತಾನೆ. ಕೊಟ್ಟು ಒರಟಾಗಿ ಕೇಳಿದರೆ ಹಣವೂ ಹೋಗುತ್ತದೆ, ಗಿರಾಕಿಯೂ ಹೋಗುತ್ತಾನೆ. ಬಾಕಿ ಇಟ್ಟವನು ಮುಖ ತಪ್ಪಿಸಿಕೊಂಡು ಎದುರಿನ ಅಂಗಡಿಯಲ್ಲಿ ನಗದು ಕೊಟ್ಟು ಕೊಳ್ಳತೊಡಗುತ್ತಾನೆ.

ಮಕ್ಕಳೇ, ಬೆಲ್ಲ ತರಲು ನಿಮ್ಮನ್ನು ಅಂಗಡಿಗೆ ಕಳಿಸಿದ್ದಾರೆ ಎನ್ನಿ. ನಾಲ್ಕು ಜನರೆದುರು ಅಂಗಡಿಯವನು, “ಮೊದಲು ಹಳೇ ಬಾಕಿ ಕೊಡೋಕೆ ನಿಮ್ಮಪ್ಪನಿಗೆ ಹೇಳು” ಎಂದರೆ? ನೀವು ಮತ್ತೆ ಆ ಮೆಟ್ಟಿಲು ಹತ್ತುವುದಿಲ್ಲ. ಜಾಣನಾದವನು ಬೆಲ್ಲ ಕಟ್ಟಿಕೊಟ್ಟು, “ಅಪ್ಪ ಸಂಜೆ ಈ ಕಡೆ ಬಂದರೆ ಮಾತಾಡಿಸಿಕೊಂಡು ಹೋಗಲಿ, ಮಗೂ” ಎನ್ನುತ್ತಾನೆ. ಅಪ್ಪನಿಗೆ ಅರ್ಥವಾಗುತ್ತದೆ. ಸಂಜೆ ಯಾರೂ ಇಲ್ಲದಾಗ ಲೆಕ್ಕದ ಪುಸ್ತಕ ತೆರೆದು, “ಒಮ್ಮೆಲೇ ಬೇಡ ರಾಯರೇ, ತಿಂಗಳಿಗಿಷ್ಟು ಅಂತ ಕೊಡಿ” ಎಂದರೆ ಬಾಕಿಯೂ ತೀರುತ್ತದೆ, ದಿನಸಿ ಚೀಟಿಯೂ ಅಲ್ಲಿಗೇ ಬರುತ್ತದೆ.

ದಿನಾ ಹಣ ಕೇಳುವುದನ್ನೇ ಕಸುಬು ಮಾಡಿಕೊಂಡವರು ಪಿಗ್ಮಿ ಏಜೆಂಟರು. ಉಡುಪಿಯಲ್ಲಿ 1925ರಲ್ಲಿ ಹುಟ್ಟಿ, ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿದ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿ ಆರಂಭಿಸಿತು. ಡಾ. ಟಿ.ಎಂ.ಎ. ಪೈ ಅದರ ಸ್ಥಾಪಕರಲ್ಲೊಬ್ಬರು. ದಿನಕ್ಕೆ 2 ಆಣೆಯಷ್ಟು ಸಣ್ಣ ಮೊತ್ತವನ್ನೂ ಮನೆಬಾಗಿಲಿಗೇ ಹೋಗಿ ಪಡೆಯುತ್ತಿದ್ದರು. ಏಜೆಂಟರಿಗೆ ಕಮಿಷನ್ನೇ ಆದಾಯ. ಅದೂ ಒಂದು ಸಣ್ಣ ವ್ಯಾಪಾರವೇ ಸರಿ. ನಾನು ಕಂಡ ಒಳ್ಳೆಯ ಏಜೆಂಟರು ಬೋಣಿಯಾಗುವ ಮೊದಲು ಅಂಗಡಿಗೆ ಕಾಲಿಡುತ್ತಿರಲಿಲ್ಲ. ಗಿರಾಕಿ ಇದ್ದರೆ ಹೊರಗೇ ನಿಲ್ಲುತ್ತಿದ್ದರು. ಪಕ್ಕದವನು ಎಷ್ಟು ಕಟ್ಟುತ್ತಾನೆಂದು ಬಾಯಿ ಬಿಡುತ್ತಿರಲಿಲ್ಲ. ವ್ಯಾಪಾರವಿಲ್ಲದ ದಿನ ಅಂಗಡಿಯವನು ತಲೆ ಅಲ್ಲಾಡಿಸಿದರೆ, ಮಳೆಯ ಬಗ್ಗೆ ಎರಡು ಮಾತಾಡಿ, “ನಾಳೆ ಬರ್ತೀನಿ” ಎಂದು ಹೊರಡುತ್ತಿದ್ದರು. ಮರುದಿನ ಅದೇ ಹೊತ್ತಿಗೆ ಬಂದೂ ಬರುತ್ತಿದ್ದರು.